ಜಾರುಬಂಡೆಯ ಬಂಡೆ

'ಜಾರುಬಂಡೆ' ಎಂಬ ಪದದೊಳಗೆ ಒಂದು ಬಂಡೆ ಕೂತಿದೆ. ಜಯನಗರದ ಯಾವುದೋ ಬ್ಲಾಕಿನ ಪಾರ್ಕಿನಲ್ಲಿ ಇವತ್ತು ಮೂರು ವರ್ಷದ ಮಗು ಜಾರುವುದು ಹಳದಿ ಪ್ಲಾಸ್ಟಿಕ್ಕಿನ ಮೇಲೆ. ಅದರ ಅಮ್ಮ ಜಾರಿದ್ದು ತಗಡಿನ ಮೇಲೆ. ಅಜ್ಜಿಗೆ ಸಿಕ್ಕಿದ್ದರೆ ಸಿಕ್ಕಿದ್ದು ಮೊಸಾಯಿಕ್ ಉಜ್ಜಿ ನುಣುಪು ಮಾಡಿದ ಸಿಮೆಂಟಿನ ಇಳಿಜಾರು. ಆದರೂ ಕನ್ನಡದ ಬಾಯಲ್ಲಿ ಅದು ಜಾರುತಗಡೂ ಆಗಲಿಲ್ಲ, ಜಾರುಸಿಮೆಂಟೂ ಆಗಲಿಲ್ಲ. ವಸ್ತು ಮೂರು ಸಲ ಬದಲಾದರೂ ಹೆಸರು ಮಾತ್ರ ಕಲ್ಲನ್ನು ಬಿಟ್ಟುಕೊಡಲಿಲ್ಲ.

ದಕ್ಷಿಣ ಬೆಂಗಳೂರಿನ ಈ ಭಾಗದಲ್ಲಿ ಕಲ್ಲಿಗೇನೂ ಬರವಿರಲಿಲ್ಲ. ಬಸವನಗುಡಿಯಲ್ಲಿ ಬ್ಯೂಗಲ್ ರಾಕ್ ಇದೆ, ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತ ಹೆಬ್ಬಂಡೆ ಇದೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಭೂವಿಜ್ಞಾನಿಗಳು ಲೆಕ್ಕ ಕೊಡುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಮಕ್ಕಳಿಗೆ ಆ ಲೆಕ್ಕ ಬೇಕಿಲ್ಲ. ಇಳಿಜಾರಿದ್ದರೆ ಸಾಕು, ಚಡ್ಡಿಯ ಹಿಂಭಾಗ ಸವೆಯುವವರೆಗೆ ಜಾರುತ್ತಾರೆ.

ಈಗ ದಕ್ಷಿಣ ಬೆಂಗಳೂರಿನಲ್ಲಿ ನವೀಕರಣಗೊಳ್ಳದ ಪಾರ್ಕು ಹುಡುಕಿದರೆ ಸಿಗುವುದು ಕಷ್ಟ. ಒಂದು ದಿನ ಗೇಟಿಗೆ ಬೀಗ ಬೀಳುತ್ತದೆ. ಕೆಲವು ತಿಂಗಳ ಬಳಿಕ ಹೂವಿನ ಹಾರ, ರಿಬ್ಬನ್ನು, ಅಮೃತಶಿಲೆಯ ಫಲಕ. ಒಳಗೆ ಹೋದರೆ ಕೆಂಪು, ಹಳದಿ, ನೀಲಿ. ಚೆನ್ನಾಗಿದೆಯೇ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಯಾರಿಗೆ ಚೆನ್ನಾಗಿದೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಬಣ್ಣ ನೋಡಿದರೆ ಸಾಲದು, ಈ ಜಾಗಗಳ ಹಿಂದಿನ ನೂರಿಪ್ಪತ್ತು ವರ್ಷವನ್ನು ಸ್ವಲ್ಪ ಕೆದಕಬೇಕು.

1890ರ ದಶಕದಲ್ಲಿ ರೂಪುಗೊಂಡು 1898ರ ಪ್ಲೇಗಿನ ಬಳಿಕ ತುಂಬಿಕೊಂಡ ಬಡಾವಣೆ ಬಸವನಗುಡಿ. ಇಕ್ಕಟ್ಟಾದ ಪೇಟೆಯಿಂದ ಹೆದರಿ ಬಂದವರಿಗೆ ಅಲ್ಲಿ ಗಾಳಿ, ಬೆಳಕು, ನೇರ ರಸ್ತೆ, ಮನೆಯ ಸುತ್ತ ಕಾಂಪೌಂಡು ಸಿಕ್ಕಿತು. ಮಕ್ಕಳಿಗೆಂದೇ ಬೇಲಿ ಹಾಕಿದ ಜಾಗ ಬೇಕು ಎಂಬ ಯೋಚನೆ ಮಾತ್ರ ಆ ನಕ್ಷೆ ಬರೆದವರಿಗೆ ಬಂದಂತಿಲ್ಲ, ಬರುವ ಕಾರಣವೂ ಇರಲಿಲ್ಲ. ಹಿತ್ತಲಿತ್ತು, ಬೀದಿಯಿತ್ತು, ದೇವಸ್ಥಾನದ ಅಂಗಳವಿತ್ತು. ಪಾರ್ಕು ಎಂಬುದು ದೊಡ್ಡವರ ಸಂಜೆಯ ಗಾಳಿಸೇವನೆಯ ತಾಣ. 1870ರಲ್ಲಿ ಮೈದಾಳಿದ ಕಬ್ಬನ್ ಪಾರ್ಕಿನಲ್ಲಿ ಬ್ಯಾಂಡ್‌ಸ್ಟ್ಯಾಂಡ್ ಎದ್ದು ನಿಂತು ಎಷ್ಟೋ ಕಾಲದ ಮೇಲೆ ಮಕ್ಕಳ ಆಟದ ಸಾಮಾನು ಬಂದದ್ದು.

ಉಯ್ಯಾಲೆಯ ಕಥೆಯೂ ಹೀಗೆಯೇ. ಅದು ಕನ್ನಡ ನಾಡಿನಲ್ಲಿ ಮೊದಲು ಮಕ್ಕಳದಲ್ಲ. ದೇವಸ್ಥಾನಗಳಲ್ಲಿ ಉಯ್ಯಾಲೋತ್ಸವ ದೇವರಿಗೆ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಯ ಜೋಕಾಲಿ ತವರಿಗೆ ಬಂದ ಹೆಣ್ಣುಮಕ್ಕಳಿಗೆ. ಹಳೆಯ ಮನೆಗಳ ಹಜಾರದಲ್ಲಿ ಸರಪಳಿಗೆ ತೂಗಿದ ಮರದ ಹಲಗೆ ಊಟವಾದ ಯಜಮಾನರಿಗೆ. ಅವರು ಎದ್ದ ಮೇಲೆ ಮಕ್ಕಳ ಸರದಿ.

ಮಕ್ಕಳಿಗೆಂದೇ ಆಟದ ಸಲಕರಣೆ ಎಂಬುದು ಬೇರೆ ದೇಶದ ಕಾರ್ಖಾನೆಗಳಲ್ಲಿ ಹುಟ್ಟಿ ಇಲ್ಲಿಗೆ ಹಡಗೇರಿ ಬಂದ ವಿಚಾರ. ಅದಕ್ಕೂ ಮೊದಲು ಬಂದದ್ದು ಮರಳು. ಬರ್ಲಿನ್ನಿನ ಉದ್ಯಾನಗಳಲ್ಲಿದ್ದ ಮರಳಿನ ರಾಶಿಗಳನ್ನು ಕಂಡು ಬಂದವರ ಮಾತಿನ ಮೇಲೆ 1885ರಲ್ಲಿ ಬೋಸ್ಟನ್ ನಗರದಲ್ಲಿ ಬಡವರ ಮಕ್ಕಳಿಗಾಗಿ ಮರಳು ಸುರಿಸಿದರು. ಅಮೆರಿಕದ ಆಟದಂಗಳಗಳ ಚರಿತ್ರೆ ಆ ರಾಶಿಯಿಂದಲೇ ಶುರುವಾಗುತ್ತದೆ. ಇಂಗ್ಲೆಂಡಿನ ಕೆಟರಿಂಗ್ ಊರಿನಲ್ಲಿ ಚಾರ್ಲ್ಸ್ ವಿಕ್‌ಸ್ಟೀಡ್ ಎಂಬ ಎಂಜಿನಿಯರ್ 1921ರಲ್ಲಿ ಪಾರ್ಕು ತೆರೆದು, ಕಬ್ಬಿಣದ ಉಯ್ಯಾಲೆ, ಜಾರುಬಂಡೆಗಳನ್ನು ಮಾಡಿ ಮಾರತೊಡಗಿದ. 1923ರಲ್ಲಿ ಶಿಕಾಗೋದ ವಕೀಲ ಸೆಬಾಸ್ಟಿಯನ್ ಹಿಂಟನ್ ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಪೇಟೆಂಟ್ ಪಡೆದ. ಅದೇ ಜಂಗಲ್ ಜಿಮ್. ಅವನ ಅಪ್ಪ ಗಣಿತಜ್ಞ. ಜಪಾನಿನಲ್ಲಿದ್ದಾಗ ಮಕ್ಕಳಿಗೆ ನಾಲ್ಕನೇ ಆಯಾಮ ಅರ್ಥವಾಗಲಿ ಎಂದು ಬಿದಿರಿನ ಚೌಕಟ್ಟು ಕಟ್ಟಿಸಿ ಹತ್ತಿಸಿದ್ದನಂತೆ. ಮಕ್ಕಳಿಗೆ ಗಣಿತ ತಲೆಗೆ ಹತ್ತಲಿಲ್ಲ, ಅವರು ಮಾತ್ರ ಬಿದಿರು ಹತ್ತಿದರು.

ಬೆಂಗಳೂರಿನಲ್ಲಿ ಮಕ್ಕಳಿಗೂ ತಮ್ಮದೇ ಒಂದು ಜಾಗ ಬೇಕೆಂದು ಕನ್ನಡದಲ್ಲಿ ಹೇಳಿದವರ ಮೊದಲ ಸಾಲಿನಲ್ಲಿ ನಿಲ್ಲುವವರು ಆರ್. ಕಲ್ಯಾಣಮ್ಮ. 'ಸರಸ್ವತಿ' ಮಾಸಪತ್ರಿಕೆ ನಡೆಸುತ್ತಿದ್ದ ಅವರು 1938ರಲ್ಲಿ ಚಾಮರಾಜಪೇಟೆಯಲ್ಲಿ 'ಮಕ್ಕಳ ಕೂಟ' ಕಟ್ಟಿದರು. ಅದು ಜೋಕಾಲಿ ಹಾಕಿದ ಪಾರ್ಕಲ್ಲ. ಮಕ್ಕಳು ಸೇರುವ, ಹಾಡುವ, ಆಡುವ ಸಂಸ್ಥೆ. ಬಸ್ಸಿನಲ್ಲಿ 'ಮಕ್ಕಳ ಕೂಟ' ಎಂದು ಟಿಕೆಟ್ ಕೇಳಿ ಇಳಿಯುವವರಲ್ಲಿ ಎಷ್ಟು ಜನರಿಗೆ ಆ ಹೆಸರಿನ ಹಿಂದೆ ಒಬ್ಬ ಪತ್ರಕರ್ತೆ ಇದ್ದಾರೆಂದು ಗೊತ್ತಿದೆಯೋ!

ಜಯನಗರ ಹುಟ್ಟಿದ್ದು ಅದಾಗಿ ಹತ್ತು ವರ್ಷಕ್ಕೆ, 1948ರಲ್ಲಿ. ಜಯಚಾಮರಾಜ ಒಡೆಯರ್ ಹೆಸರು ಹೊತ್ತ ಈ ಬಡಾವಣೆಯನ್ನು ರೂಪಿಸಿದ್ದು 1945ರಲ್ಲಿ ಸ್ಥಾಪನೆಯಾಗಿದ್ದ ಸಿಐಟಿಬಿ, ಅಂದರೆ ನಗರ ಸುಧಾರಣಾ ಟ್ರಸ್ಟ್ ಬೋರ್ಡ್. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ಗಣತಿಗೆ 7.8 ಲಕ್ಷ ಮುಟ್ಟುವ ಕಾಲ ಅದು. ಊರು ದಕ್ಷಿಣದಲ್ಲಿ ಮುಗಿಯುವ ಕಡೆ 'ಸೌತ್ ಎಂಡ್' ಎಂದು ಹೆಸರಿಟ್ಟವರು ಪಾಪ, ಅದರಾಚೆಗೆ ಇಷ್ಟೆಲ್ಲ ಬೆಳೆಯುತ್ತದೆಂದು ಎಣಿಸಿರಲಾರರು.

ನಕ್ಷೆಯಲ್ಲಿ ಪಾರ್ಕುಗಳಿದ್ದವು. ಮಕ್ಕಳು ಆಡಿದ್ದು ಮಾತ್ರ ಖಾಲಿ ಸೈಟಿನಲ್ಲಿ.

ಸೈಟು ಸಿಕ್ಕವರೆಲ್ಲ ತಕ್ಷಣ ಮನೆ ಕಟ್ಟುತ್ತಿರಲಿಲ್ಲ. ಸಾಲ ಹೊಂದಿಸಬೇಕು, ಮಗಳ ಮದುವೆ ಮುಗಿಯಬೇಕು, ಸಿಮೆಂಟಿಗೆ ಪರ್ಮಿಟ್ ಸಿಗಬೇಕು. ಹೀಗಾಗಿ ಜಯನಗರ, ಆಮೇಲೆ ಬನಶಂಕರಿ, ಜೆ.ಪಿ. ನಗರ, ಕೊನೆಗೆ ಭೈರಸಂದ್ರ–ತಾವರೆಕೆರೆ–ಮಡಿವಾಳಗಳ ಮೊದಲ ಅಕ್ಷರ ಕೂಡಿಸಿ ಹೆಸರಾದ ಬಿಟಿಎಂ ಬಡಾವಣೆ, ಎಲ್ಲೆಡೆಯೂ ಮನೆಗಳ ನಡುವೆ ವರ್ಷಗಟ್ಟಲೆ ಹಲ್ಲು ಬಿದ್ದ ಜಾಗಗಳು. ಲಗೋರಿಗೆ, ಚಿನ್ನಿದಾಂಡಿಗೆ, ಗೋಲಿಗೆ, ಮೂರು ಕೋಲು ನೆಟ್ಟ ಕ್ರಿಕೆಟ್ಟಿಗೆ ಅದೇ ಮೈದಾನ. ಬಾಡಿಗೆಯ ಲೆಕ್ಕದಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳು, ಮೈ ತುರಿಸುವ ಕಾಂಗ್ರೆಸ್ ಗಿಡ.

ಆದರೆ ಖಾಲಿ ಸೈಟು ಏಳೆಂಟು ವರ್ಷ ದಾಟಿದವರ ರಾಜ್ಯ. ಎರಡು–ಮೂರು ವರ್ಷದ ಪುಟಾಣಿಗೆ ಅಲ್ಲಿ ಪೌರತ್ವವಿರಲಿಲ್ಲ. ಅಕ್ಕನ ಸೊಂಟದ ಮೇಲೆ ಕೂತು ನೋಡುವುದು, ಇಲ್ಲವೇ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ಪಟ್ಟ ಪಡೆದು ಹಿಂದೆ ಮುಂದೆ ಓಡುವುದು. ಆ ವಯಸ್ಸಿನವರಿಗೆ ನಿಜವಾಗಿ ದಕ್ಕಿದ ಆಟದಂಗಳ ಇನ್ನೊಂದಿತ್ತು: ಮನೆ ಕಟ್ಟಲು ಬೀದಿಗೆ ಸುರಿದ ಮರಳಿನ ರಾಶಿ. ಒಂದು ಕಾಲನ್ನು ಒಳಗೆ ಹುಗಿದು, ಮೇಲೆ ಒದ್ದೆ ಮರಳು ತಟ್ಟಿ ತಟ್ಟಿ, ಉಸಿರು ಬಿಗಿಹಿಡಿದು ಕಾಲನ್ನು ಹೊರಗೆಳೆದರೆ ಗುಬ್ಬಚ್ಚಿ ಗೂಡು. ಕುಸಿದರೆ ಮತ್ತೊಂದು. ಕಪ್ಪೆಚಿಪ್ಪು ಆರಿಸುವ ಉದ್ಯೋಗ ಬೇರೆ. ಬೆಳಿಗ್ಗೆ ಬಂದ ಮೇಸ್ತ್ರಿ ಹರಡಿದ ಮರಳು ನೋಡಿ ಬೈದು, ಸಲಿಕೆಯಲ್ಲಿ ಎಳೆದು ರಾಶಿ ಮಾಡುತ್ತಿದ್ದ. ಸಂಜೆಗೆ ಅದು ಪುನಃ ಹರಡಿರುತ್ತಿತ್ತು. ಈ ಒಪ್ಪಂದ ದಕ್ಷಿಣ ಬೆಂಗಳೂರಿನಲ್ಲಿ ನಾಲ್ಕು ದಶಕ ನಡೆಯಿತು. ಯಾವ ಕಡತದಲ್ಲೂ ಅದು ದಾಖಲಾಗಿಲ್ಲ.

ಇದೇ ದೃಶ್ಯವನ್ನು ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸಿ. ಟಿ. ಸೊರೆನ್‌ಸನ್ ಕಂಡಿದ್ದ. ತಾನು ಅಚ್ಚುಕಟ್ಟಾಗಿ ಮಾಡಿಕೊಟ್ಟ ಆಟದ ಜಾಗ ಬಿಟ್ಟು ಮಕ್ಕಳು ಕಟ್ಟಡದ ಅವಶೇಷಗಳಲ್ಲಿ, ಹಲಗೆ–ಇಟ್ಟಿಗೆಗಳ ನಡುವೆ ಆಡುವುದನ್ನು ಗಮನಿಸಿ, ಹಾಗಾದರೆ ಅದನ್ನೇ ಕೊಡೋಣ ಎಂದ. 1943ರಲ್ಲಿ, ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ ಗುಜರಿ ಸಾಮಾನಿನ ಆಟದಂಗಳ ತೆರೆಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ 1947ರಿಂದ ಮೂರು ದಶಕ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 700ಕ್ಕೂ ಹೆಚ್ಚು ಆಟದ ಜಾಗಗಳನ್ನು ರೂಪಿಸಿದ. ಎಷ್ಟೋ ಕಡೆ ಇರುತ್ತಿದ್ದುದು ಅಗಲ ಅಂಚಿನ ಒಂದು ಮರಳುಗುಂಡಿ, ಕೆಲವು ಕಾಂಕ್ರೀಟಿನ ಗುಂಡುಗಳು, ಹತ್ತಲು ಬಾಗಿದ ಕೊಳವೆಗಳು. ಅಂಚು ಅಗಲ ಇದ್ದದ್ದೇಕೆಂದರೆ ಮಗು ಅದರ ಮೇಲೆ ಮರಳಿನ ರೊಟ್ಟಿ ತಟ್ಟಬೇಕು, ಅಮ್ಮ ಅದರ ಮೇಲೆ ಕೂರಬೇಕು. ಬೇಲಿಯಿಲ್ಲ, ಬೀಗವಿಲ್ಲ.

ನಮ್ಮ ಕಾರ್ಪೊರೇಷನ್ ಪಾರ್ಕು ಹಿಡಿದದ್ದು ವಿಕ್‌ಸ್ಟೀಡನ ದಾರಿ. ಎರಡು ಉಯ್ಯಾಲೆ, ಒಂದು ಜಾರುಬಂಡೆ, ಒಂದು ಸೀಸಾ, ಗಿರಗಿರ ತಿರುಗುವ ಒಂದು ಚಕ್ರ. ಎಲ್ಲವೂ ಕಬ್ಬಿಣ, ಮೇಲೆ ಪೈಂಟು. ನೀರೆತ್ತುವ ಏತದ ತತ್ವವೇ ಆದರೂ ಸೀಸಾ ಸೀಸಾ ಆಗಿಯೇ ಉಳಿಯಿತು. 1968ರಲ್ಲಿ ಕಬ್ಬನ್ ಪಾರ್ಕಿನ ಬಾಲಭವನದಲ್ಲಿ 'ಪುಟಾಣಿ ಎಕ್ಸ್‌ಪ್ರೆಸ್' ಓಡತೊಡಗಿದ ಮೇಲೆ ಜಯನಗರದ ಮಕ್ಕಳಿಗೂ ಭಾನುವಾರದ ಕನಸು ಅದೇ. ಆದರೆ ಅದು ಬಸ್ಸು ಹತ್ತಿ ಹೋಗುವ ಹಬ್ಬ. ನಿತ್ಯದ ಸಂಜೆಗೆ ಬೀದಿ ಕೊನೆಯ ಪಾರ್ಕೇ ಗತಿ. ಆ ಕಬ್ಬಿಣದ ಜಾರುಬಂಡೆಯ ತುದಿಯಲ್ಲಿ ಮಕ್ಕಳ ಕಾಲು ತಾಗಿ ತಾಗಿ ನೆಲ ತಗ್ಗಾಗಿ, ಮಳೆ ಬಂದರೆ ಅಲ್ಲೊಂದು ಕೆರೆ. ಬೇಸಿಗೆಯ ಮಧ್ಯಾಹ್ನ ತಗಡು ಕಾದ ಹೆಂಚು. ಇಷ್ಟಾದರೂ ಕೆಳಗೆ ಮಣ್ಣೋ ಮರಳೋ ಇತ್ತು ಎಂಬುದನ್ನು ಮರೆಯಬಾರದು.

ಆ ಜಾಗಗಳೂ ಸುಲಭಕ್ಕೆ ಉಳಿದಿಲ್ಲ. 1976ರಲ್ಲಿ ಸಿಐಟಿಬಿಯ ಬದಲು ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಬಡಾವಣೆಯ ಒಟ್ಟು ವಿಸ್ತೀರ್ಣದ ಶೇ 15ರಷ್ಟಾದರೂ ಪಾರ್ಕು, ಆಟದ ಮೈದಾನಕ್ಕೆ ಇರಬೇಕು, ಅದಲ್ಲದೆ ಶೇ 10 ನಾಗರಿಕ ಸೌಲಭ್ಯಗಳಿಗೆ ಎಂದು ಬಿಡಿಎ ಕಾಯಿದೆ ಹೇಳುತ್ತದೆ. 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ರಾಜ್ಯ ಇನ್ನೊಂದು ಕಾಯಿದೆ ಮಾಡಿತು. ಕಾಯಿದೆಗೆ ಹಲ್ಲು ಬಂದದ್ದು ಒಂದು ಬೆಂಗಳೂರಿನ ಮೊಕದ್ದಮೆಯಿಂದ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಗಿತ್ತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಪಾರ್ಕು ನಿಮ್ಮ ಸ್ವತ್ತೇನು, ನಿಮಗೇನು ನಷ್ಟ ಎಂಬ ವಾದ ಎದುರಾಯಿತು. 1991ರ ಜುಲೈ 19ರಂದು ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು: ಸಾರ್ವಜನಿಕ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿಯವರಿಗೆ ದಾಟಿಸುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಆ ತೀರ್ಪನ್ನು ದೇಶದ ಕಾನೂನು ಕಾಲೇಜುಗಳಲ್ಲಿ ಇಂದಿಗೂ ಓದಿಸುತ್ತಾರೆ.

ಜಯನಗರದವರಿಗೆ ಬೇರೆ ಪಾಠ ಕಾದಿತ್ತು. ಆರ್.ವಿ. ರಸ್ತೆಯ ನಡುವೆ ಉದ್ದಕ್ಕೆ ಚಾಚಿದ್ದ ಹಸಿರು ಪಟ್ಟಿಗೆ ನಗರಪಾಲಿಕೆಯ ಆಡಳಿತಾಧಿಕಾರಿಯಾಗಿದ್ದ ಲಕ್ಷ್ಮಣರಾವ್ ಅವರ ಹೆಸರಿತ್ತು. 2009ರಲ್ಲಿ ಆ ಪಟ್ಟಿಗೆ ಮೆಟ್ರೊ ಕಾಮಗಾರಿ ಬಂತು. ಲಾಲ್‌ಬಾಗಿನ ಗೋಡೆಯ ಒಂದು ಭಾಗ ಬಿತ್ತು, ನಂದಾ ಟಾಕೀಸಿನ ಕಡೆ ಮರಗಳು ಉರುಳಿದವು, 'ಹಸಿರು ಉಸಿರು' ಎಂಬ ಪರಿಸರಾಸಕ್ತರ ಬಳಗದವರು ಬೀದಿಗಿಳಿದರು. ನ್ಯಾಷನಲ್ ಕಾಲೇಜಿನಿಂದ ಯಲಚೇನಹಳ್ಳಿಗೆ ರೈಲು ಓಡಿದ್ದು 2017ರ ಜೂನ್‌ನಲ್ಲಿ. ಮೆಟ್ರೊ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿಗೆ ಏನಾದರೂ ಬೇಕಾದಾಗ ಮೊದಲು ಕಣ್ಣು ಬೀಳುವುದು ಖಾಲಿ ಕಂಡ ಜಾಗದ ಮೇಲೆ.

ಉಳಿದ ಪಾರ್ಕುಗಳ ಒಳಗಡೆ ಇನ್ನೊಂದು ಬಗೆಯ ಒತ್ತುವರಿ ಸದ್ದಿಲ್ಲದೆ ನಡೆಯಿತು. ಸಕ್ಕರೆ ಕಾಯಿಲೆಯ ಭಯ ಊರಿಗೆಲ್ಲ ಹರಡಿದ ಮೇಲೆ ನಡಿಗೆಪಥ ಪಾರ್ಕಿನ ಯಜಮಾನನಾಯಿತು. ಅದಕ್ಕೆ ಇಂಟರ್‌ಲಾಕ್ ಟೈಲ್ಸು, ಪಕ್ಕದಲ್ಲಿ ಬೆಂಚು, ಆಮೇಲೆ ತೆರೆದ ಜಿಮ್ಮು. ಮಕ್ಕಳ ಮೂಲೆ ನಿಜಕ್ಕೂ ಮೂಲೆಯಾಯಿತು. ವೇಳಾಪಟ್ಟಿಯೂ ವಾಕಿಂಗ್ ಹೋಗುವವರದೇ: ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು, ನಡುವೆ ಬೀಗ. ಅಂಗನವಾಡಿ, ನರ್ಸರಿ ಬಿಟ್ಟು ಮಗು ಹೊರಗೆ ಬರುವ ಮಧ್ಯಾಹ್ನ ಗೇಟು ಮುಚ್ಚಿರುತ್ತಿತ್ತು. 2024ರಲ್ಲಿ ಬಿಬಿಎಂಪಿ, ಅಂದರೆ ಆಗಿನ ಮಹಾನಗರ ಪಾಲಿಕೆ, ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಪಾರ್ಕು ತೆರೆದಿಡಲು ನಿರ್ಧರಿಸಿದ್ದು ಚಿಕ್ಕ ಮಕ್ಕಳ ಮಟ್ಟಿಗೆ ಹತ್ತು ಬಣ್ಣದ ಜಾರುಬಂಡೆಗಿಂತ ದೊಡ್ಡ ನವೀಕರಣ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಲ್ಲೇಶ್ವರದ ಆಟದ ಮೈದಾನವೊಂದರ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಒಬ್ಬ ಬಾಲಕ ಸತ್ತ. ಉಯ್ಯಾಲೆಯಿಂದ ಬಿದ್ದದ್ದಲ್ಲ, ಮರ ಹತ್ತಿ ಜಾರಿದ್ದಲ್ಲ. ಗೇಟು.

ಹಾಗಾದರೆ ಹೊಸದಾಗಿ ಕಳೆಗಟ್ಟಿದ ಪಾರ್ಕನ್ನು ಅಳೆಯುವುದು ಹೇಗೆ? ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1981ರಲ್ಲಿ ಮೊದಲ ಬಾರಿ ಆಟದಂಗಳಗಳಿಗೆ ಒಂದು ಕೈಪಿಡಿ ಹೊರತಂದಿತು. ಈಗಿನ ಆವೃತ್ತಿ ಮಕ್ಕಳನ್ನು ಮೂರು ಗುಂಪು ಮಾಡುತ್ತದೆ: ಎರಡು ವರ್ಷದ ಒಳಗಿನವರು, ಎರಡರಿಂದ ಐದು, ಐದರಿಂದ ಹನ್ನೆರಡು. ನಮ್ಮ ಬಹುತೇಕ ಪಾರ್ಕುಗಳ ಫಲಕಕ್ಕೆ ಗೊತ್ತಿರುವುದು ಒಂದೇ ಗುಂಪು, 'ಹನ್ನೆರಡು ವರ್ಷದ ಒಳಗಿನವರು'. ಎರಡು ವರ್ಷದ ಮಗುವನ್ನೂ ಹನ್ನೊಂದು ವರ್ಷದ ಹುಡುಗನನ್ನೂ ಒಂದೇ ಏಣಿಗೆ ಹತ್ತಿಸಿದರೆ ಯಾರು ಅಳುತ್ತಾ ಮನೆಗೆ ಹೋಗುತ್ತಾರೆಂದು ಹೇಳಲು ಕೈಪಿಡಿ ಬೇಕಿಲ್ಲ. ಅದೇ ಪುಸ್ತಕದ ಇನ್ನೊಂದು ಲೆಕ್ಕ: ಕಂಬಿಗಳ ನಡುವಿನ ಸಂದು ಮೂರೂವರೆ ಇಂಚಿಗಿಂತ ಹೆಚ್ಚು, ಒಂಬತ್ತು ಇಂಚಿಗಿಂತ ಕಡಿಮೆ ಇದ್ದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಬೀಳಬಹುದು. ಒಂಬತ್ತು ಇಂಚು ದಪ್ಪದ ಸಡಿಲ ಮರಳು ನಾಲ್ಕು ಅಡಿ ಎತ್ತರದಿಂದ ಬಿದ್ದ ಮಗುವನ್ನು ಕಾಯುತ್ತದೆ. ಆಟದ ಸಲಕರಣೆಯ ಕೆಳಗೆ ಕಾಂಕ್ರೀಟು, ಡಾಂಬರು ಕೂಡದೇ ಕೂಡದು.

ಇಲ್ಲೇ ದಕ್ಷಿಣ ಬೆಂಗಳೂರಿನ ನವೀಕರಣ ಎಡವುವುದು. ಮೇಲೆ ಬಣ್ಣ ಬಂತು, ಕೆಳಗಿನ ಮರಳು ಹೋಯಿತು. ಅದರ ಜಾಗದಲ್ಲಿ ಕೆಲವೆಡೆ ರಬ್ಬರ್ ಹಾಸು, ಕೆಲವೆಡೆ ಕೃತಕ ಹುಲ್ಲು, ಕೆಲವೆಡೆ ನಡಿಗೆಪಥದ ಟೈಲ್ಸೇ ಮುಂದುವರಿದು ಜಾರುಬಂಡೆಯ ಬುಡ ಮುಟ್ಟಿದೆ. ಮರಳಿಗೆ ನಾಯಿ, ಬೆಕ್ಕಿನ ಕಾಟ, ಗಾಜಿನ ಚೂರು, ಬಟ್ಟೆ ಕೊಳೆ ಎಂದು ದೂರುವವರ ಮಾತು ಸುಳ್ಳಲ್ಲ. ನದಿ ಮರಳಿನ ಬೆಲೆ ಏರಿ, ಕಟ್ಟಡಗಳಿಗೇ ಎಂ–ಸ್ಯಾಂಡ್ ಬಂದ ಮೇಲೆ ಬೀದಿಯ ರಾಶಿಯೂ ಮಾಯವಾಯಿತು. ಒಳ್ಳೆಯ ರಬ್ಬರ್ ಹಾಸಿನ ಮೇಲೆ ಬಿದ್ದ ಮಗುವಿಗೆ ಪೆಟ್ಟಾಗುವುದು ಕಡಿಮೆ, ಗಾಲಿಕುರ್ಚಿಯೂ ಸಲೀಸಾಗಿ ಓಡುತ್ತದೆ. ಆದರೆ ರಬ್ಬರಿನಿಂದ ಗುಬ್ಬಚ್ಚಿ ಗೂಡು ಕಟ್ಟಲಾಗದು. ಮೂರು ವರ್ಷದ ಮಗು ಜಾರುಬಂಡೆಯನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತದೆ. ಮರಳನ್ನು ಮುಗಿಸಲು ಅದಕ್ಕೆ ಒಂದು ಸಂಜೆ ಸಾಲದು.

ಬೇರೆ ರೀತಿಯಲ್ಲಿ ಮಾಡಬಹುದೆಂದು ತೋರಿಸಿದವರು ಹೊರಗಿನವರಲ್ಲ. ಬಸವನಗುಡಿಯಲ್ಲಿ, ಸೌತ್ ಎಂಡ್ ವೃತ್ತದಿಂದ ದೂರವೇನಲ್ಲದ ಕೃಷ್ಣರಾವ್ ಪಾರ್ಕಿಗೆ 1941ರಲ್ಲಿ ಮೈಸೂರಿನ ಹಂಗಾಮಿ ದಿವಾನರಾಗಿದ್ದ ಎಂ.ಎನ್. ಕೃಷ್ಣರಾವ್ ಅವರ ಹೆಸರು. ವಿಶೇಷ ಅಗತ್ಯವಿರುವ ಮಕ್ಕಳ ಪೋಷಕರು ಕಟ್ಟಿದ 'ಕಿಲಿಕಿಲಿ' ಎಂಬ ಸಂಸ್ಥೆ ಪಾಲಿಕೆಯ ಜತೆ ಸೇರಿ ಕೋಲ್ಸ್ ಪಾರ್ಕ್, ರಾಜಾಜಿನಗರದ ಗಾಯತ್ರಿದೇವಿ ಪಾರ್ಕುಗಳಂತೆ ಇಲ್ಲೂ ಎಲ್ಲ ಮಕ್ಕಳೂ ಕೂಡಿ ಆಡುವ ಜಾಗ ಮಾಡಿತು. ಗಾಲಿಕುರ್ಚಿ ಹತ್ತುವ ಇಳಿಜಾರು, ಬೆನ್ನಿಗೆ ಆಸರೆಯಿರುವ ಉಯ್ಯಾಲೆ. ನಡೆಯಲಾಗದ ಮಗುವಿಗೆ ಪ್ರತ್ಯೇಕ ಮೂಲೆ ಕೊಡುವುದು ಅವರ ಉದ್ದೇಶವಾಗಿರಲಿಲ್ಲ; ನಡೆಯುವ ಮಗುವಿನ ಪಕ್ಕದಲ್ಲೇ ಅದಕ್ಕೂ ಜಾಗ ಬೇಕಿತ್ತು. ಅಂಗವಿಕಲರ ಹಕ್ಕುಗಳ ಕಾಯಿದೆ ಬಂದದ್ದು 2016ರಲ್ಲಿ; ಈ ಪೋಷಕರು ಅದಕ್ಕಾಗಿ ಕಾದು ಕೂರಲಿಲ್ಲ. ಬೆಂಗಳೂರಿನದೇ ಆದ ಆಂಟ್‌ಹಿಲ್ ಕ್ರಿಯೇಷನ್ಸ್ ಹಳೆಯ ಟೈರುಗಳಿಂದ ಆಟದಂಗಳ ಕಟ್ಟುತ್ತದೆ. ಎಮ್‌ಡ್ರುಪ್‌ನ ಗುಜರಿ ಅಂಗಳಕ್ಕೆ ಇದು ದೂರದ ನೆಂಟಸ್ತಿಕೆ.

ಆಡುವುದು ಮಗುವಿನ ಹಕ್ಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ಬಂದಿವೆ. ಪಾರ್ಕುಗಳ ನಿರ್ವಹಣೆಗೆ ಮತ್ತೆ ಟೆಂಡರು ಬರೆಯುವ ಎಂಜಿನಿಯರುಗಳಿಗೆ ದಕ್ಷಿಣ ಬೆಂಗಳೂರಿನ ಪುಟಾಣಿಗಳ ಪರವಾಗಿ ಒಂದು ಅರ್ಜಿ: ಮೊದಲು ಗೇಟಿನ ಕೀಲು ನೋಡಿ. ಜಾರುಬಂಡೆಯನ್ನು ಮರದ ನೆರಳಿಗೆ ಸರಿಸಿ. ಆಮೇಲೆ ಪಟ್ಟಿಯ ಕೊನೆಯಲ್ಲಿ ಇಷ್ಟು ಸೇರಿಸಿ — ತೊಳೆದ ಮರಳು ಒಂದು ಲೋಡು, ರಾತ್ರಿ ಮುಚ್ಚಲು ಟಾರ್ಪಾಲು ಒಂದು, ಬೆಳಿಗ್ಗೆ ಬಾಚಲು ಕುಂಟೆ ಒಂದು, ಅಮ್ಮಂದಿರು ಕೂರುವಷ್ಟು ಅಗಲದ ಅಂಚು.